ಆಫ್ರಿಕಾದ ವಿದ್ಯಾರ್ಥಿಗಳಿಗೆ ಮನೆ ಕೊಡಬಾರದೆಂಬ ಠರಾವು: ನಿಮ್ಮ ಅಭಿಪ್ರಾಯವೇನು?

ಸಪ್ತಾಪುರ ನಿವಾಸಿ

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಸಂಘದ ಸಭೆ ಬರುವ ರವಿವಾರ ಸೇರಲಿದೆ. ಅದರ ವಿಷಯಪಟ್ಟಿಯಲ್ಲಿ, ನೀರಿನ ಟ್ಯಾಂಕಿನ ದುರಸ್ತಿಯ ಕೆಳಗೆ, ‘ಆಫ್ರಿಕಾ ದೇಶಗಳ ವಿದ್ಯಾರ್ಥಿಗಳಿಗೆ ಯಾವ ಮಾಲೀಕರೂ ಮನೆಯನ್ನು ಬಾಡಿಗೆಗೆ ಕೊಡತಕ್ಕದ್ದಲ್ಲ’ ಎಂಬ ಠರಾವನ್ನು ಸೇರಿಸಿದ್ದಾರೆ. ಇದು ಹುಟ್ಟಿದ್ದು ನಮ್ಮ ಮನೆಯಿಂದಲೇ. ಎರಡನೆಯ ಮಹಡಿಯ ನಮ್ಮ ಮನೆ ಖಾಲಿಯಿದೆ. ಸ್ನಾತಕೋತ್ತರ ಅಧ್ಯಯನಕ್ಕೆಂದು ತಾಂಜಾನಿಯಾದಿಂದ ಬಂದಿರುವ ಇಬ್ಬರು ವಿದ್ಯಾರ್ಥಿನಿಯರು ಏಜೆಂಟರೊಂದಿಗೆ ಬಂದು ಅದನ್ನು ನೋಡಿಕೊಂಡು ಹೋದರು. ಅವರು ಗೇಟು ದಾಟುವುದರೊಳಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರ ಬಂಧನದ ವಿಡಿಯೊ ಬಂದಿತ್ತು. ಆ ವಿಡಿಯೊದಲ್ಲಿದ್ದವರು ಗಂಡಸರು, ಬೇರೆ ದೇಶದವರು, ಬೇರೆ ಊರಿನವರು. ಈ ಇಬ್ಬರೊಂದಿಗೆ ಗುಂಪಿನ ಯಾರೊಬ್ಬರೂ ಒಂದು ಮಾತನ್ನೂ ಆಡಿರಲಿಲ್ಲ.

ಅವರಿಗೆ ಇದಕ್ಕೂ ಮೊದಲು ಹಲವು ಮನೆಗಳನ್ನು ತೋರಿಸಿದ್ದಾಗಿ ಏಜೆಂಟರು ಹೇಳಿದರು. ಎಲ್ಲ ಕಡೆಯೂ ಫೋನಿನಲ್ಲಿ ಖಾಲಿಯಿದ್ದ ಮನೆ, ಮುಖ ಕಂಡ ಮೇಲೆ ‘ಈಗಷ್ಟೇ ಕೊಟ್ಟೆವು’ ಎಂದಾಗುತ್ತಿತ್ತಂತೆ. ನನ್ನ ಪ್ರಶ್ನೆ ಎರಡು. ಇಂಥ ಠರಾವು ನನ್ನನ್ನು ಕಟ್ಟಿಹಾಕುತ್ತದೆಯೇ? ಸಭೆಯಲ್ಲಿ ಜಗಳವಿಲ್ಲದೆ ಇದಕ್ಕೆ ಏನೆಂದು ಉತ್ತರಿಸಬೇಕು?

ವಿದ್ಯಾನಗರ ಕಾರ್ಯದರ್ಶಿ

ಅಕ್ಕಾವರೇ, ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ಆದ್ದರಿಂದ ಇನ್ನೊಂದು ಬದಿಯ ಮಾತನ್ನೂ ಹೇಳುತ್ತೇನೆ, ಕೋಪಿಸಿಕೊಳ್ಳಬೇಡಿರಿ. ನಾವು ಯಾರನ್ನೂ ದ್ವೇಷಿಸುವವರಲ್ಲ. ಆದರೆ ಮಾದಕ ವಸ್ತುಗಳ ಪ್ರಕರಣಗಳಲ್ಲಿ ಆಫ್ರಿಕಾದ ಪ್ರಜೆಗಳ ಬಂಧನವಾದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ವೀಸಾ ಮುಗಿದ ಮೇಲೂ ಕೆಲವರು ಉಳಿಯುತ್ತಾರೆ. ನಾಳೆ ಪೊಲೀಸರು ಬಂದರೆ ಮೊದಲು ಕರೆಯುವುದು ಕಾರ್ಯದರ್ಶಿಯನ್ನೇ. ಇನ್ನೊಂದು ಮಾತು: ಮನೆ ಮಾರಲು ಹೋದಾಗ ‘ಆ ಬಿಲ್ಡಿಂಗಿನಲ್ಲಿ ಅಂಥವರಿದ್ದಾರಂತೆ’ ಎಂದರೆ ಗಿರಾಕಿ ಹಿಂದೆ ಸರಿಯುತ್ತಾನೆ. ಇದನ್ನು ಜನಾಂಗದ್ವೇಷ ಎಂದು ಕರೆಯುವುದು ಅತಿಯಾಯಿತು. ಆ ರೋಗ ಅಮೆರಿಕದ್ದು. ಅಲ್ಲಿಯಂತೆ ಕಪ್ಪು ಜನರನ್ನು ಮರಕ್ಕೆ ನೇತುಹಾಕಿದ ಇತಿಹಾಸ ನಮ್ಮಲ್ಲಿಲ್ಲ.

ಗದಗಿನ ನಿವೃತ್ತ ಮಾಸ್ತರ

ಕಾರ್ಯದರ್ಶಿಗಳೇ, ನೀವು ಸಭ್ಯವಾಗಿ ಬರೆದಿದ್ದೀರಿ. ಆದರೆ ನಿಮ್ಮ ಮಾತಿನಲ್ಲಿರುವ ವಾದವೇ ಅಮೆರಿಕದ ಆ ರೋಗದ ಒಂದು ದೊಡ್ಡ ಅಧ್ಯಾಯವಾಗಿದೆ. ಅಮೆರಿಕದ ಜನಾಂಗದ್ವೇಷವೆಂದರೆ ನಮಗೆ ಹಗ್ಗ ಮತ್ತು ಮರ ನೆನಪಾಗುತ್ತವೆ. ಅವು ನಿಜ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯ ಹೆಂಗಸೊಬ್ಬಳೊಂದಿಗೆ ಸಲುಗೆಯಿಂದ ನಡೆದುಕೊಂಡನೆಂಬ ಆರೋಪದ ಮೇಲೆ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಕೊಂದರು. ಕೊಂದವರು ಖುಲಾಸೆಯಾದರು. ಆದರೆ ಆ ಹಿಂಸೆಯ ಪಕ್ಕದಲ್ಲಿಯೇ ಕಾಗದದ ಮೇಲೆ ಸದ್ದಿಲ್ಲದೆ ನಡೆಯುತ್ತಿದ್ದ ಕೆಲಸವೊಂದಿತ್ತು. ಅದು ಮನೆಗಳ ಕೆಲಸ.

1930ರ ದಶಕದಲ್ಲಿ ಅಲ್ಲಿನ ಕೇಂದ್ರ ಸರಕಾರದ ಸಂಸ್ಥೆಯೊಂದು ನಗರಗಳ ನಕಾಶೆ ಮಾಡಿ, ಸಾಲ ಕೊಡಲು ಅಪಾಯವೆನಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ಜನರು ವಾಸಿಸುತ್ತಿದ್ದ ಬಡಾವಣೆಗಳು ಬಹುಪಾಲು ಕೆಂಪಾದವು. 1934ರಲ್ಲಿ ಸ್ಥಾಪನೆಯಾದ ಗೃಹಸಾಲ ಖಾತರಿಯ ಸರಕಾರಿ ಸಂಸ್ಥೆಯೂ ಇದೇ ದಾರಿ ಹಿಡಿಯಿತು. ಎಷ್ಟೋ ಮನೆಗಳ ಖರೀದಿ ಪತ್ರದಲ್ಲಿಯೇ ‘ಈ ಮನೆಯನ್ನು ಕಪ್ಪು ಜನರಿಗೆ ಮಾರತಕ್ಕದ್ದಲ್ಲ’ ಎಂಬ ಕರಾರು ಇರುತ್ತಿತ್ತು. ಅಕ್ಕಾವರ ಅಪಾರ್ಟ್‌ಮೆಂಟಿನ ಠರಾವಿಗೂ ಅದಕ್ಕೂ ಭಾಷೆಯಲ್ಲಿ ಸಹ ಹೆಚ್ಚು ಅಂತರವಿಲ್ಲ. ಇಂಥ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡಲಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಬಾಡಿಗೆ ಮತ್ತು ಮಾರಾಟದಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ಕಾನೂನು ಬಂದದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದ ಒಂದು ವಾರಕ್ಕೆ.

ವಿಲಿಯಂ ಲೆವಿಟ್ ಎಂಬ ಗುತ್ತಿಗೆದಾರರು ಸಾವಿರಾರು ಮನೆಗಳ ಬಡಾವಣೆಗಳನ್ನು ಕಟ್ಟಿ ಹೆಸರು ಮಾಡಿದವರು. ಕಪ್ಪು ಜನರಿಗೆ ಅವರು ಮನೆ ಮಾರುತ್ತಿರಲಿಲ್ಲ. ತಮಗೆ ವೈಯಕ್ತಿಕವಾಗಿ ಪೂರ್ವಗ್ರಹವಿಲ್ಲ, ಆದರೆ ಒಂದು ಕಪ್ಪು ಕುಟುಂಬಕ್ಕೆ ಮಾರಿದರೆ ಬಿಳಿಯ ಗಿರಾಕಿಗಳು ಬರುವುದಿಲ್ಲ ಎಂಬುದು ಅವರ ವಾದವಾಗಿತ್ತು. ನೀವು ಗಿರಾಕಿಯ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಅವರೇ ನೆನಪಾದರು. ಪೆನ್ಸಿಲ್ವೇನಿಯಾದ ಲೆವಿಟ್‌ಟೌನ್‌ನಲ್ಲಿ ಒಬ್ಬ ಮಾಲೀಕ ತಾನೇ ಮುಂದಾಗಿ 1957ರಲ್ಲಿ ಒಂದು ಕಪ್ಪು ಕುಟುಂಬಕ್ಕೆ ಮನೆ ಮಾರಿದಾಗ, ಅದೇ ಸಭ್ಯ ನೆರೆಹೊರೆಯವರು ಗುಂಪುಗೂಡಿ ದಿನಗಟ್ಟಲೆ ಕಲ್ಲೆಸೆದರು. ಯಾರನ್ನೂ ದ್ವೇಷಿಸುವುದಿಲ್ಲ ಎನ್ನುವ ಠರಾವು ಮತ್ತು ಕಲ್ಲು ಎರಡೂ ಒಂದೇ ಬೀದಿಯಲ್ಲಿದ್ದವು ಎಂಬುದನ್ನು ಗಮನಿಸಬೇಕು.

ಇದರ ಪರಿಣಾಮ ಇಂದಿಗೂ ಇದೆ. ಸಾಲ ಸಿಗದ ಬಡಾವಣೆ ಹಾಳಾಗುತ್ತದೆ, ಹಾಳಾದ ಬಡಾವಣೆಗೆ ಪೊಲೀಸರು ಹೆಚ್ಚು ಬರುತ್ತಾರೆ, ಹೆಚ್ಚು ಬಂದಲ್ಲಿ ಹೆಚ್ಚು ಬಂಧನಗಳಾಗುತ್ತವೆ, ಆ ಬಂಧನಗಳ ಸುದ್ದಿ ಓದಿ ಉಳಿದವರು ‘ಅವರು ಅಂಥವರೇ’ ಎನ್ನುತ್ತಾರೆ.

ವಿದ್ಯಾನಗರ ಕಾರ್ಯದರ್ಶಿ

ಮಾಸ್ತರರೇ, ಮಾಹಿತಿಗೆ ಧನ್ಯವಾದಗಳು. ಆದರೆ ಅಲ್ಲಿ ಸ್ವಂತ ದೇಶದ ಪ್ರಜೆಗಳ ಪ್ರಶ್ನೆಯಿತ್ತು. ಇವರು ಪರದೇಶದವರು. ನಮ್ಮದೇ ಜಿಲ್ಲೆಯಲ್ಲಿ ಸಿದ್ದಿ ಜನರಿದ್ದಾರೆ, ಅವರ ಮೂಲವೂ ಆಫ್ರಿಕಾವೇ. ಅವರನ್ನು ನಾವು ನಮ್ಮವರೆಂದೇ ಕಾಣುತ್ತೇವಲ್ಲ.

ಕಲಘಟಗಿಯ ಸಿದ್ದಿ

ನಾನು ಕಲಘಟಗಿ ತಾಲೂಕಿನ ಸಿದ್ದಿ. ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಆದರೆ ನಮ್ಮ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ.

ಕಾರ್ಯದರ್ಶಿಗಳೇ, ನೀವು ನಮ್ಮನ್ನು ನಿಮ್ಮವರೆಂದು ಕಾಣುವುದು ನಾನು ಬಾಯಿ ತೆರೆದ ಮೇಲೆ. ಹೊಸ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೇಳುವ ಮೊದಲು ನನ್ನನ್ನು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಕನ್ನಡದಲ್ಲಿ ಉತ್ತರಿಸಿದರೆ ನಗುತ್ತಾರೆ, ‘ಎಷ್ಟು ಚಲೋ ಕಲಿತಿ’ ಎಂದು ಹೊಗಳುತ್ತಾರೆ. ನನ್ನ ಅಜ್ಜನ ಅಜ್ಜನೂ ಇದೇ ಕಾಡಿನಲ್ಲಿ ಹುಟ್ಟಿದವನು. ಬಾಡಿಗೆ ಕೋಣೆ ಹುಡುಕುವಾಗ ಆಧಾರ್ ಕಾರ್ಡನ್ನು ಮೊದಲು ತೋರಿಸಿ ಆಮೇಲೆ ಮಾತು ಆರಂಭಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹೀಗಿರುವಾಗ ‘ನೀವು ನಮ್ಮವರು, ಅವರು ಬೇರೆ’ ಎಂಬ ವಿನಾಯಿತಿಯನ್ನು ನಾನು ಹೇಗೆ ಒಪ್ಪಲಿ? ಕನ್ನಡ ಮಾತಾಡಿ ತೋರಿಸಿದ ಮೇಲಷ್ಟೇ ನನಗೆ ಮನೆ ಸಿಗುವುದಾದರೆ, ಮಾತಾಡುವ ಮೊದಲಿನ ನಾನೂ ಆ ತಾಂಜಾನಿಯಾದ ಹುಡುಗಿಯರೂ ಒಂದೇ ಸ್ಥಿತಿಯಲ್ಲಿದ್ದೇವೆ. ನಿಮ್ಮ ಠರಾವು ಬರೆದಿರುವುದು ಪಾಸ್‌ಪೋರ್ಟ್ ನೋಡಿ, ಆದರೆ ನಿಮ್ಮ ಕಾವಲುಗಾರ ಅದನ್ನು ಜಾರಿ ಮಾಡುವುದು ಮುಖ ನೋಡಿ.

ನಾವು ಎಲ್ಲಿಂದ ಬಂದವರೆಂದು ಕೇಳುವವರಿಗೂ ಹೇಳಿಬಿಡುತ್ತೇನೆ. ನಮ್ಮ ಪೂರ್ವಜರಲ್ಲಿ ಬಹಳ ಜನರನ್ನು ಪೋರ್ತುಗೀಜರು ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರು ಮತ್ತು ಬಿಡುಗಡೆಯಾದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಖಾನಾಪುರ, ಕಲಘಟಗಿ ಭಾಗದ ಕಾಡುಗಳಿಗೆ ಸೇರಿದರು. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಜಿಲ್ಲೆಯ ಗಡಿ ದಾಟಿದ ನಮಗೆ, ಅಂದರೆ ಧಾರವಾಡ ಮತ್ತು ಬೆಳಗಾವಿಯವರಿಗೆ, ಅದು ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಮ್ಮ ಸಮುದಾಯದಿಂದ ಆ ಸದನಕ್ಕೆ ಹೋದವರಲ್ಲಿ ಅವರೇ ಮೊದಲಿಗರು.

ಮುಂಡರಗಿ ಓದುಗ

ಸಿದ್ದಿ ಅಣ್ಣಾವರೇ, ನಿಮ್ಮ ಜನರ ಮೈಕಟ್ಟನ್ನು ನೋಡಿದರೆ ಹೆಮ್ಮೆಯಾಗುತ್ತದೆ. ಸರಿಯಾದ ತರಬೇತಿ ಕೊಟ್ಟರೆ ಒಲಿಂಪಿಕ್ಸ್ ಪದಕ ನಿಮ್ಮ ಮನೆಯಲ್ಲೇ ಇದೆ. ಇನ್ನು ಬಣ್ಣದ ಮಾತಾದರೆ ನಾವೂ ಕಪ್ಪೇ ಅಲ್ಲವೇ? ಕಪ್ಪಗಿರುವವರು ಕಪ್ಪಗಿರುವವರನ್ನು ದ್ವೇಷಿಸುವುದು ಹೇಗೆ?

ಕಲಘಟಗಿಯ ಸಿದ್ದಿ

ಪ್ರೀತಿಯಿಂದ ಬರೆದಿದ್ದೀರಿ, ಅದಕ್ಕಾಗಿ ಪ್ರೀತಿಯಿಂದಲೇ ಹೇಳುತ್ತೇನೆ. ಇದನ್ನು ಸರಕಾರವೇ ಮಾಡಿ ನೋಡಿದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆಯ್ದು ಹಾಸ್ಟೆಲಿನಲ್ಲಿಟ್ಟು ಓಟ, ಜಿಗಿತಗಳನ್ನು ಕಲಿಸಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಕಮಲಾ ಸಿದ್ದಿಯವರು ದಕ್ಷಿಣ ಏಷ್ಯಾದ ಕೂಟದವರೆಗೆ ಹೋದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ಸಿದ್ದಿಗಳ ಪಾಲಿಗೆ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು, ಬಹಳ ಜನ ಮತ್ತೆ ಕೂಲಿಗೆ ಸೇರಿದರು. ನಮ್ಮ ಕಾಲುಗಳನ್ನು ಹುಡುಕಿಕೊಂಡು ಬಂದವರು ನಮ್ಮ ಶಾಲೆ, ಜಮೀನಿನ ಹಕ್ಕುಪತ್ರ, ರಸ್ತೆಯ ಬಗ್ಗೆ ಅಷ್ಟೇ ಆಸಕ್ತಿಯಿಂದ ಕೇಳಲಿಲ್ಲ. ಲೆಕ್ಕದಲ್ಲಿ ಜಾಣನಾದ ಸಿದ್ದಿ ಹುಡುಗನಿಗೆ ಇಂದಿಗೂ ‘ಓಡುತ್ತೀಯಾ?’ ಎಂದು ಕೇಳುತ್ತಾರೆ. ‘ಅವರು ಬಲಶಾಲಿಗಳು’ ಎಂಬ ಹೊಗಳಿಕೆ ಕತ್ತಲಾದ ಮೇಲೆ ‘ಅವರು ಅಪಾಯಕಾರಿಗಳು’ ಎಂದಾಗುವುದಕ್ಕೆ ಹೊತ್ತು ಬೇಕಿಲ್ಲ.

ಗದಗಿನ ನಿವೃತ್ತ ಮಾಸ್ತರ

ಮುಂಡರಗಿಯವರ ಎರಡನೆಯ ಪ್ರಶ್ನೆಗೆ ಒಂದೇ ಮಾತು. ಮುಖ ಬೆಳ್ಳಗಾಗುವ ಕ್ರೀಮಿನ ಹೆಸರಿನಲ್ಲಿದ್ದ ‘ಫೇರ್’ ಎಂಬ ಪದವನ್ನು ಕಂಪನಿ ಕೈಬಿಟ್ಟದ್ದು 2020ರಲ್ಲಿ, ಅದೂ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಎದ್ದ ಗದ್ದಲದ ನಡುವೆ. ಅಲ್ಲಿಯವರೆಗೆ ದಶಕಗಳ ಕಾಲ ಅದನ್ನು ಕೊಂಡವರು ಕಪ್ಪಗಿದ್ದ ನಾವೇ.

ನಿರ್ವಾಹಕರು

ಆಫ್ರಿಕನ್ನರ ಊಟವನ್ನು ನರಭಕ್ಷಣೆಗೆ ಹೋಲಿಸಿ ಹಾಸ್ಯ ಮಾಡಿದ್ದ ಒಂದು ಉತ್ತರವನ್ನು ತೆಗೆದುಹಾಕಲಾಗಿದೆ. ವಿಷಯಕ್ಕೆ ಸಂಬಂಧಿಸಿದಂತೆ ಬರೆಯಬೇಕೆಂದು ವಿನಂತಿ.

ಹಾವೇರಿಯ ವಕೀಲೆ

ತೆಗೆದುಹಾಕುವ ಮೊದಲು ಆ ಹಾಸ್ಯವನ್ನು ನಾನು ಓದಿದ್ದೆ. ಬರೆದವರು ಇದನ್ನೂ ಓದಲಿ. 2017ರ ಮಾರ್ಚ್‌ನಲ್ಲಿ ದಿಲ್ಲಿಯ ಪಕ್ಕದ ಗ್ರೇಟರ್ ನೊಯ್ಡಾದಲ್ಲಿ ಹನ್ನೆರಡನೆಯ ತರಗತಿಯ ಹುಡುಗನೊಬ್ಬ ಕಾಣೆಯಾದಾಗ, ನೆರೆಯ ನೈಜೀರಿಯಾದ ವಿದ್ಯಾರ್ಥಿಗಳು ಅವನನ್ನು ತಿಂದಿರಬೇಕೆಂಬ ಗಾಳಿಮಾತು ಹಬ್ಬಿತು. ಹುಡುಗ ಮನೆಗೆ ಮರಳಿದ, ಅಸ್ವಸ್ಥನಾಗಿ ತೀರಿಕೊಂಡ. ಪೊಲೀಸರು ಹಿಡಿದ ಐವರು ನೈಜೀರಿಯನ್ನರನ್ನು ಸಾಕ್ಷ್ಯವಿಲ್ಲದ ಕಾರಣ ಬಿಟ್ಟರು. ಅದಾದ ಮೇಲೆ ಸೇರಿದ ಗುಂಪು, ಆ ಪ್ರಕರಣದ ಗಂಧವೂ ಇಲ್ಲದ ಆಫ್ರಿಕಾದ ವಿದ್ಯಾರ್ಥಿಗಳನ್ನು ಮಾಲ್ ಒಂದರೊಳಗೆ ಅಟ್ಟಾಡಿಸಿ, ಕುರ್ಚಿ ಮತ್ತು ಕಸದ ಡಬ್ಬಿಗಳಿಂದ ಬಡಿಯಿತು. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರೀಕರಿಸಿದರು. ದಿಲ್ಲಿಯಲ್ಲಿದ್ದ ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ ಇದನ್ನು ಜನಾಂಗೀಯ ದಾಳಿಯೆಂದು ಕರೆದರು.

ಅದು ಉತ್ತರ ಭಾರತ ಎನ್ನುವವರು ನಮ್ಮ ಬೆಂಗಳೂರಿಗೆ ಬರಲಿ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಅದು ಘೋರ ಅಪಘಾತ, ಆ ಚಾಲಕನಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸುಮಾರು ಅರ್ಧ ಗಂಟೆಯ ಬಳಿಕ ಬೇರೊಂದು ಕಾರಿನಲ್ಲಿ ಸ್ನೇಹಿತರೊಂದಿಗೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊರಗೆಳೆದು, ಬಟ್ಟೆ ಹರಿದು, ಹೊಡೆದು, ಅವರ ಕಾರಿಗೆ ಬೆಂಕಿ ಇಟ್ಟಿತು. ಅವಳು ಬಸ್ಸು ಹತ್ತಲು ಹೋದಾಗ ಒಳಗಿದ್ದವರು ಕೆಳಗೆ ದೂಡಿದರೆಂದು ವರದಿಯಾಯಿತು. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ! ಆಗಿನ ಗೃಹ ಸಚಿವರು ಇದು ಜನಾಂಗೀಯ ದಾಳಿಯಲ್ಲ, ಅಪಘಾತದಿಂದ ಕೆರಳಿದವರ ಪ್ರತಿಕ್ರಿಯೆ ಎಂದರು. ಅಪಘಾತ ಮಾಡಿದವನ ಮೇಲಿನ ಸಿಟ್ಟು ಅವನನ್ನು ಕಂಡೇ ಇರದ ಹುಡುಗಿಯ ಮೇಲೆ ಹರಿಯಬೇಕಾದರೆ ನಡುವೆ ಇರುವ ಸೇತುವೆ ಚರ್ಮದ ಬಣ್ಣವಲ್ಲದೆ ಮತ್ತೇನು ಎಂದು ಅಂದೂ ಕೇಳಿದ್ದೆ, ಇಂದೂ ಕೇಳುತ್ತೇನೆ. ಬೆಂಗಳೂರಿನ ಬಂಧನದ ವಿಡಿಯೊ ಸಪ್ತಾಪುರದ ಇಬ್ಬರು ಹುಡುಗಿಯರ ಮನೆಯ ಅರ್ಜಿಗೆ ಉತ್ತರವಾದದ್ದೂ ಇದೇ ಲೆಕ್ಕದಿಂದ. ಒಬ್ಬ ಮಾಡಿದ್ದಕ್ಕೆ ಆ ಬಣ್ಣದ ಯಾರು ಸಿಕ್ಕರೂ ನಡೆಯುತ್ತದೆ ಎಂಬ ಲೆಕ್ಕ ಅದು.

ಇನ್ನು ಅಕ್ಕಾವರ ಕಾನೂನಿನ ಪ್ರಶ್ನೆ. ಇಲ್ಲಿ ಉತ್ತರ ಅಷ್ಟು ಹಿತವಾಗಿಲ್ಲ. ಸಂವಿಧಾನದ 14 ಮತ್ತು 21ನೆಯ ವಿಧಿಗಳು ‘ವ್ಯಕ್ತಿ’ಗೆ ಅನ್ವಯಿಸುವುದರಿಂದ ವಿದೇಶಿಯರಿಗೂ ರಕ್ಷಣೆಯಿದೆ. ಆದರೆ ಜನಾಂಗ, ಜಾತಿಗಳ ಆಧಾರದ ಭೇದವನ್ನು ಹೆಸರಿಸಿ ನಿಷೇಧಿಸುವ 15ನೆಯ ವಿಧಿ ‘ನಾಗರಿಕ’ರಿಗೆ ಮಾತ್ರ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಖಾಸಗಿ ಮಾಲೀಕ ಬಾಡಿಗೆ ನಿರಾಕರಿಸುವುದನ್ನು ತಡೆಯುವ, ಅಮೆರಿಕದ 1968ರ ಕಾನೂನಿನಂಥದ್ದು ನಮ್ಮಲ್ಲಿಲ್ಲ. 2005ರಲ್ಲಿ ಝೋರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಸೀಮಿತಗೊಳಿಸಿದ ಬೈಲಾವನ್ನು, ಅಂದರೆ ಸಂಘದ ನಿಯಮಾವಳಿಯನ್ನು, ಎತ್ತಿಹಿಡಿಯಿತು. ಜನಾಂಗೀಯ ಭೇದದ ವಿರುದ್ಧದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1968ರಲ್ಲಿಯೇ ಅಂಗೀಕರಿಸಿದ್ದರೂ ಅದು ಧಾರವಾಡದ ಬಾಡಿಗೆ ಕರಾರಿನವರೆಗೆ ಇಳಿದು ಬಂದಿಲ್ಲ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದವರೆಂಬ ಕಾರಣಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯಿದೆ. ತಾಂಜಾನಿಯಾದವರಿಗೆ ಅದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೆಯ ಕಲಂ ಐವರು ಅಥವಾ ಹೆಚ್ಚು ಜನರ ಗುಂಪು ಜನಾಂಗದ ಕಾರಣಕ್ಕೆ ಕೊಲೆ ಮಾಡಿದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯನ್ನು ವಿಧಿಸುತ್ತದೆ, ಆದರೆ ಅದು ಕೆಲಸಕ್ಕೆ ಬರುವುದು ಹೆಣ ಬಿದ್ದ ಮೇಲೆ.

ಆದರೂ ಅಕ್ಕಾವರೇ, ನಿಮ್ಮ ಕೈ ಕಟ್ಟಿಲ್ಲ. ಮನೆ ನಿಮ್ಮದು. ಬೈಲಾದಲ್ಲಿ ಇಲ್ಲದ ನಿಷೇಧವನ್ನು ಬರಿಯ ಸಭೆಯ ಠರಾವಿನಿಂದ ಮಾಲೀಕರ ಮೇಲೆ ಹೇರಿದರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟವೆಂದು ನನ್ನ ಅಭಿಪ್ರಾಯ. ಸಭೆಗೆ ಬೈಲಾದ ಪ್ರತಿಯನ್ನು ಒಯ್ಯಿರಿ.

ವಿದ್ಯಾನಗರ ಕಾರ್ಯದರ್ಶಿ

ಗುಂಪಿನ ಹಲ್ಲೆಯನ್ನು ಯಾರೂ ಸಮರ್ಥಿಸುವುದಿಲ್ಲ, ವಕೀಲರೇ. ಆದರೆ ಮನಸ್ಸಿನಲ್ಲಿ ಒಂದು ಅನುಮಾನ ಇಟ್ಟುಕೊಳ್ಳುವುದಕ್ಕೂ ಬಡಿಯುವುದಕ್ಕೂ ವ್ಯತ್ಯಾಸವಿಲ್ಲವೇ? ಅನುಮಾನದಿಂದ ಯಾರೂ ಸಾಯುವುದಿಲ್ಲ.

ಹುಬ್ಬಳ್ಳಿಯ ವೈದ್ಯೆ

ಸಾಯುತ್ತಾರೆ, ಸಾಹೇಬರೇ. ನನ್ನ ವೃತ್ತಿಯಿಂದಲೇ ಉದಾಹರಣೆ ಕೊಡುತ್ತೇನೆ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರನ್ನು ಪ್ರಶ್ನಿಸಿದಾಗ, ಸುಮಾರು ಅರ್ಧದಷ್ಟು ಜನ ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜಿಸಿದರು, ಚಿಕಿತ್ಸೆಯಲ್ಲಿಯೂ ತಪ್ಪಿದರು. ಅವರಲ್ಲಿ ಯಾರೂ ಕಲ್ಲೆಸೆದವರಲ್ಲ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಹಾಕಿಕೊಂಡ ಆಕ್ಸಿಮೀಟರನ್ನೇ ತೆಗೆದುಕೊಳ್ಳಿರಿ. ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ‘ಸರಿಯಾಗಿದೆ’ ಎಂದು ತೋರಿಸುವ ತಪ್ಪು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಯಂತ್ರಕ್ಕೆ ದ್ವೇಷವಿಲ್ಲ. ಕಪ್ಪು ಚರ್ಮದವರ ಮೇಲೆ ಅದನ್ನು ಸಾಕಷ್ಟು ಪರೀಕ್ಷಿಸಬೇಕೆಂದು ತಯಾರಿಸಿದವರಿಗೆ ಅನಿಸಿರಲಿಲ್ಲ, ಅಷ್ಟೇ. ಗಾಢ ಬಣ್ಣದ ನಮ್ಮ ರೋಗಿಗಳ ವಿಷಯದಲ್ಲಿಯೂ ನಾನು ಆ ಯಂತ್ರದ ಅಂಕಿಯನ್ನೊಂದೇ ನೆಚ್ಚುವುದಿಲ್ಲ.

ಗದಗಿನ ನಿವೃತ್ತ ಮಾಸ್ತರ

ಅನುಮಾನದ ಮಾತಿಗೆ ಇನ್ನೊಂದು ಸೇರಿಸುತ್ತೇನೆ. 2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಕ್ಕಿ ನೋಡಲು ಬಂದಿದ್ದ ಕಪ್ಪು ವ್ಯಕ್ತಿಯೊಬ್ಬರು, ನಿಯಮದಂತೆ ನಾಯಿಗೆ ಹಗ್ಗ ಹಾಕಿರೆಂದು ಒಬ್ಬ ಬಿಳಿಯ ಮಹಿಳೆಗೆ ಹೇಳಿದರು. ಆಕೆ ಪೊಲೀಸರಿಗೆ ಫೋನು ಮಾಡಿ ಆಫ್ರಿಕನ್ ಅಮೆರಿಕನ್ ಗಂಡಸೊಬ್ಬ ತನ್ನ ಜೀವಕ್ಕೆ ಬೆದರಿಕೆ ಹಾಕುತ್ತಿದ್ದಾನೆಂದು ದೂರಿದಳು. ಅಲ್ಲಿ ಏನೂ ಆಗಲಿಲ್ಲ. ಅದೇ ದಿನ ಮಿನಿಯಾಪೊಲಿಸ್‌ನಲ್ಲಿ 20 ಡಾಲರಿನ ಖೋಟಾ ನೋಟು ಕೊಟ್ಟನೆಂಬ ಅನುಮಾನದ ಮೇಲೆ ಬಂದ ಪೊಲೀಸರಲ್ಲಿ ಒಬ್ಬನು ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಮೊಣಕಾಲೂರಿ ಕೊಂದನು. ಎರಡೂ ಕಡೆ ಆರಂಭವಾದದ್ದು ಒಂದು ಫೋನು ಕರೆಯಿಂದ. ಮುಂದೆ ಏನಾಗಬಹುದೆಂಬುದು ಕರೆ ಮಾಡಿದವರ ಕೈಯಲ್ಲಿ ಉಳಿಯುವುದಿಲ್ಲ.

ವಿದ್ಯಾನಗರ ಕಾರ್ಯದರ್ಶಿ

ಸರಿ. ನಾನು ಎಲ್ಲವನ್ನೂ ಒಪ್ಪಿದೆನೆಂದು ತಿಳಿಯಬೇಡಿರಿ, ಗಿರಾಕಿಯ ಮಾತು ಉಳಿದೇ ಇದೆ. ಆದರೆ ಕೊಡುವುದಾದರೆ ಮಾಲೀಕರು ಮಾಡಬೇಕಾದದ್ದೇನು, ವಕೀಲರೇ? ಅದನ್ನು ಹೇಳಿದರೆ ನಮ್ಮ ಸಂಘಕ್ಕೂ ಉಪಯೋಗವಾದೀತು.

ಹಾವೇರಿಯ ವಕೀಲೆ

ಇದು ಒಳ್ಳೆಯ ಪ್ರಶ್ನೆ. ಯಾವ ದೇಶದ ವಿದೇಶಿಯರೇ ಇರಲಿ, ಜರ್ಮನಿಯವರಾದರೂ ಸರಿ, ಅವರು ಮನೆಗೆ ಬಂದು ಇಳಿದ 24 ಗಂಟೆಯೊಳಗೆ ಮಾಲೀಕರು ಅವರ ವಿವರಗಳನ್ನು ನಿಗದಿತ ನಮೂನೆಯಲ್ಲಿ (2025ರವರೆಗೆ ಇದು ‘ನಮೂನೆ ಸಿ’ ಆಗಿತ್ತು) ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಪಾಸ್‌ಪೋರ್ಟ್, ವೀಸಾ, ವಿಶ್ವವಿದ್ಯಾಲಯದ ಪ್ರವೇಶ ಪತ್ರಗಳ ಪ್ರತಿಗಳನ್ನು ಇಟ್ಟುಕೊಳ್ಳಿರಿ. ಲಿಖಿತ ಬಾಡಿಗೆ ಕರಾರು ಮಾಡಿಸಿರಿ. ವೀಸಾದ ಅವಧಿಗೆ ಕರಾರಿನ ಅವಧಿಯನ್ನು ಹೊಂದಿಸಿರಿ. ನಿಮ್ಮ ವೀಸಾದ ಆತಂಕಕ್ಕೆ ಉತ್ತರ ಈ ಕಾಗದಗಳಲ್ಲಿದೆ. ಇಷ್ಟು ಮಾಡಿದ ಮಾಲೀಕರ ಬಾಗಿಲಿಗೆ ಪೊಲೀಸರು ಬಂದರೆ ಅವರಿಗೆ ತೋರಿಸಲು ಒಂದು ಫೈಲು ಇರುತ್ತದೆ.

ಸಪ್ತಾಪುರ ನಿವಾಸಿ

ಸಭೆ ಮುಗಿಯಿತು. ಠರಾವು ಪಾಸಾಗಲಿಲ್ಲ, ಬಿದ್ದೂ ಹೋಗಲಿಲ್ಲ. ಬೈಲಾದ ಪ್ರತಿಯನ್ನು ಮೇಜಿನ ಮೇಲಿಟ್ಟ ಮೇಲೆ ಅಧ್ಯಕ್ಷರು ಅದನ್ನು ಮುಂದಿನ ಸಭೆಗೆ ಮುಂದೂಡಿದರು. ಮಾಸ್ತರರು ಬರೆದ ಲೆವಿಟ್ ಅವರ ಮಾತನ್ನು ಓದಿ ಹೇಳಿದಾಗ ಇಬ್ಬರು ಎದ್ದು ಹೋದರು, ಒಬ್ಬರು ಹಾಳೆಯನ್ನು ಕೇಳಿ ಪಡೆದುಕೊಂಡರು. ನಾನು ಮನೆ ಕೊಡುವುದಾಗಿ ತಿಳಿಸಿದ್ದೇನೆ. ಹಿಂದಿನ ಬಾಡಿಗೆದಾರರಿಂದ ಪಡೆದಷ್ಟೇ ಠೇವಣಿ, ಅವೇ ಷರತ್ತುಗಳು.

ಒಂದು ಹೊಸ ತಕರಾರು ಬಂದಿದೆ. ಈ ಇಬ್ಬರ ಮತ್ತು ಅವರ ಅತಿಥಿಗಳ ಹೋಗುವಿಕೆ, ಬರುವಿಕೆಗಳನ್ನು ಮಾತ್ರ ಬರೆದಿಡಲು ಕಾವಲುಗಾರರಿಗೆ ಒಂದು ಪ್ರತ್ಯೇಕ ಪುಸ್ತಕ ಕೊಟ್ಟಿದ್ದಾರೆ. ಬರೆಯುವುದಾದರೆ ಎಲ್ಲ ಮನೆಗಳ ಅತಿಥಿಗಳನ್ನೂ ಬರೆಯಿರಿ, ಇಲ್ಲದಿದ್ದರೆ ಪುಸ್ತಕವೇ ಬೇಡ ಎಂದು ಪತ್ರ ಕೊಟ್ಟಿದ್ದೇನೆ. ಕಾರ್ಯದರ್ಶಿಗಳೇ, ನಿಮ್ಮಲ್ಲಿ ಹೇಗೆ ಮಾಡುತ್ತೀರಿ?

ವಿದ್ಯಾನಗರ ಕಾರ್ಯದರ್ಶಿ

ನಮ್ಮಲ್ಲಿ ಒಂದೇ ಪುಸ್ತಕ, ಎಲ್ಲರಿಗೂ. ನನ್ನ ಸ್ವಂತ ಅಳಿಯ ಬಂದರೂ ಸಹಿ ಮಾಡಿಯೇ ಒಳಗೆ ಬರಬೇಕು, ಇದಕ್ಕೆ ಅವನಿಗೂ ಸಿಟ್ಟಿದೆ. ನಮೂನೆಯ ಫೋಟೊವನ್ನು ಸಂಜೆ ಕಳಿಸುತ್ತೇನೆ, ನಿಮ್ಮ ಅಧ್ಯಕ್ಷರಿಗೆ ತೋರಿಸಿರಿ.